ಎಳ್ಳ ಅಮಾವಾಸ್ಯೆಯವರೆಗೆ ನಿಲ್ಲಬೇಕಾದ ಫಲಕ

ಕಲಬುರಗಿ, ಬೀದರ್, ಯಾದಗಿರಿ ಕಡೆಯವರಿಗೆ ದೀಪಾವಳಿಗಿಂತ ಎಳ್ಳ ಅಮಾವಾಸ್ಯೆ ಒಂದು ತೂಕ ಹೆಚ್ಚೇ. ಜೋಳ ತೆನೆಗಟ್ಟುವ, ತೊಗರಿ ಕಾಯಿ ತುಂಬುವ ಹೊತ್ತಿಗೆ ಬರುವ ಈ ಹಬ್ಬಕ್ಕೆ ಊರಿಗೆ ಊರೇ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಜೋಳದ ದಂಟಿನ ಕೊಂಪೆ (ಪುಟ್ಟ ಗುಡಿಸಲು) ಹಾಕಿ, ಅದರೊಳಗೆ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಹೊಲದ ತುಂಬ ಚರಗ, ಅಂದರೆ ಭೂತಾಯಿಗೆ ನೈವೇದ್ಯದ ಅಡುಗೆ, ಚೆಲ್ಲಿ, ಆಮೇಲೆ ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿಯ ಊಟಕ್ಕೆ ಕೂರುತ್ತದೆ. ಶಿಕಾಗೋ ನಗರದ ಪಶ್ಚಿಮಕ್ಕಿರುವ ನಮ್ಮ ಬಡಾವಣೆಯಲ್ಲಿ ಹೊಲವೂ ಇಲ್ಲ, ಬಂಡಿಯೂ ಇಲ್ಲ. ಇರುವುದು ಮನೆಯ ಮುಂದಿನ ಒಂದು ಪಟ್ಟಿ ಹುಲ್ಲುಹಾಸು. ಆದರೆ ಹಬ್ಬ ಬೀಳುವ ಕಾಲ ನಮಗೆ ಅನುಕೂಲವಾಗಿಯೇ ಇದೆ. 2024ರಲ್ಲಿ ಡಿಸೆಂಬರ್ 30ಕ್ಕೆ ಬಂದ ಅಮಾವಾಸ್ಯೆ 2025ರಲ್ಲಿ ಡಿಸೆಂಬರ್ 19ಕ್ಕೆ ಬಂತು. ಎರಡೂ ಸಲ ಇಲ್ಲಿನವರು ಕ್ರಿಸ್‌ಮಸ್ಸಿಗೆಂದು ಮನೆಮನೆಗೆ ದೀಪದ ಸರ ಹಾಕಿದ್ದ ದಿನಗಳವು. ಹೀಗಾಗಿ ದೀಪಾವಳಿಗೆ ಹಚ್ಚಿದ ದೀಪಗಳನ್ನು ನಮ್ಮ ಕಡೆಯ ನಾಲ್ಕಾರು ಮನೆಯವರು ಎಳ್ಳ ಅಮಾವಾಸ್ಯೆ ಮುಗಿಯುವವರೆಗೆ ಇಳಿಸುವುದಿಲ್ಲ, ಮತ್ತು ಅದನ್ನು ಯಾರೂ ವಿಚಿತ್ರವೆಂದು ನೋಡುವುದೂ ಇಲ್ಲ.

ಹ್ಯಾಲೋವೀನ್ ಅಲಂಕಾರಕ್ಕೆಂದು ಅಂಗಡಿಗಳು ಮಾರುವ ಮೆಕ್ಕೆಜೋಳದ ದಂಟಿನ ಕಟ್ಟುಗಳು ನವೆಂಬರ್ ಮೊದಲ ವಾರಕ್ಕೆ ಯಾರಿಗೂ ಬೇಡವಾಗಿರುತ್ತವೆ. ಅವನ್ನು ತಂದು ನಾವು ಕೊಂಪೆ ಕಟ್ಟುತ್ತೇವೆ. ಅದರ ಪಕ್ಕದಲ್ಲಿ ತಂತಿಯ ಚೌಕಟ್ಟಿಗೆ ಎಲ್‌ಇಡಿ ಹಗ್ಗ ಸುತ್ತಿ ಮಾಡಿದ ಜೋಡೆತ್ತಿನ ಬಂಡಿ ನಿಲ್ಲುತ್ತದೆ. (ಒಣ ದಂಟಿಗೆ ಒಂದು ಕಿಡಿ ಸಾಕು; ಆದ್ದರಿಂದ ಎಣ್ಣೆಯ ಹಣತೆಗಳೆಲ್ಲ ಬಾಗಿಲ ಮೆಟ್ಟಿಲ ಮೇಲೆ, ಕೊಂಪೆಯ ಹತ್ತಿರ ಒಂದೂ ಇಲ್ಲ.) ನಾಯಿ ಹಿಡಿದು ಅಡ್ಡಾಡುವವರೂ ಕಾರು ನಿಧಾನಿಸಿ ನೋಡುವವರೂ ಇದನ್ನು ಯೇಸು ಹುಟ್ಟಿದ ಗೋದಲಿ ಎಂದುಕೊಂಡರೆ ಅವರನ್ನು ದೂರುವಂತಿಲ್ಲ: ಹುಲ್ಲಿನ ಗುಡಿಸಲಿದೆ, ದನಗಳಿವೆ, ತಿಂಗಳು ಡಿಸೆಂಬರ್. ಈ ಗೊಂದಲ ತೀರಬೇಕಾದರೆ ಒಂದು ಫಲಕ ಬೇಕು. ದೀಪದ ಒಂದು ಸರ ಆರಿದರೂ ಬಂಡಿ ಬಂಡಿಯಾಗಿಯೇ ಕಾಣುತ್ತದೆ, ಆದರೆ ಫಲಕ ಕೆಟ್ಟರೆ ಇಡೀ ಪ್ರದರ್ಶನ ಮೂಕವಾಗುತ್ತದೆ. ಸಾಮಾನ್ಯವಾಗಿ ಜನ ದೀಪಗಳಿಗೆ ನೂರಾರು ಡಾಲರ್ ಸುರಿದು, ಫಲಕವನ್ನು ಕೊನೆಯ ದಿನ ರಟ್ಟಿನ ಮೇಲೆ ಗೀಚಿ ನಿಲ್ಲಿಸುತ್ತಾರೆ. ನನ್ನ ಮಟ್ಟಿಗೆ ಮೊದಲು ಮಾಡಬೇಕಾದದ್ದೇ ಫಲಕ, ಅದರಲ್ಲಿಯೂ ಹೆಚ್ಚು ದುಡಿಯಬೇಕಾದದ್ದು ಅದರ ಅಂಚಿನ ಮೇಲೆ.

ಕಲಬುರಗಿಯಲ್ಲಿ ಅಂಗಡಿಯ ಬೋರ್ಡಿಗೆ ಬಿಸಿಲೇ ಶತ್ರು. ಮೇ ತಿಂಗಳ 42, 43 ಡಿಗ್ರಿಯ ಬಿಸಿಲಿಗೆ ಸಿಕ್ಕ ಫ್ಲೆಕ್ಸಿನಲ್ಲಿ ಕೆಂಪು, ಹಳದಿ ಮೊದಲು ಹಾರಿಹೋಗಿ, ಮದುವೆಯ ಬ್ಯಾನರಿನ ವಧೂವರರೂ ರಾಜಕಾರಣಿಗಳೂ ಒಂದೇ ತರಹದ ತಿಳಿನೀಲಿಗೆ ತಿರುಗುವುದನ್ನು ಅಲ್ಲಿನ ಸೂಪರ್ ಮಾರ್ಕೆಟ್ ಪೇಟೆಯ ಕಡೆ ಓಡಾಡಿದವರೆಲ್ಲ ಕಂಡಿದ್ದಾರೆ. ಇಲಿನಾಯ್ ರಾಜ್ಯದ ನವೆಂಬರ್, ಡಿಸೆಂಬರಿನಲ್ಲಿ ಬಿಸಿಲಿನ ಮಾತೇ ಇಲ್ಲ. ಇಲ್ಲಿ ಕೆಡಿಸುವುದು ನೀರು. ಹಗಲು ಕರಗಿ ಇರುಳು ಹೆಪ್ಪುಗಟ್ಟುವ ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಮತ್ತು ಹಲಗೆಯ ಪದರಗಳ ನಡುವೆ ಸೇರಿದ್ದರೆ ಪ್ರತಿ ರಾತ್ರಿಯೂ ಅವನ್ನು ಒಂದಿಷ್ಟು ಬಿಡಿಸುತ್ತ ಹೋಗುತ್ತದೆ. ಇದರ ಮೇಲೆ ರಸ್ತೆಗೆ ಎರಚಿದ ಉಪ್ಪು ಕಾರಿನ ಗಾಲಿಯಿಂದ ಸಿಡಿದು ಬಂದು ಮೊಳೆ, ತಿರುಪುಗಳನ್ನು ತಿನ್ನುತ್ತದೆ.

ವಸ್ತುವಿನ ಆಯ್ಕೆಯಲ್ಲಿ ನಮ್ಮಲ್ಲಿ ಒಮ್ಮತವಿರಲಿಲ್ಲ. ಚುನಾವಣೆಯ ಕಾಲದಲ್ಲಿ ಹುಲ್ಲಿನ ಮೇಲೆ ನೆಡುವ ಸುಕ್ಕುಪದರದ ಪ್ಲಾಸ್ಟಿಕ್ ಹಾಳೆ ಎಲ್ಲಕ್ಕಿಂತ ಅಗ್ಗ, ನೀರಿಗೆ ಜಗ್ಗುವುದಿಲ್ಲ. ಆದರೆ ಅದರ ತಂತಿಯ ಕಾಲು ಒಂದು ಜೋರು ಗಾಳಿಗೆ ಬಾಗುತ್ತದೆ. ನಮ್ಮೂರಿನ ಅಂಗಡಿಗಳ ಮುಖವನ್ನೆಲ್ಲ ಈಗ ಮುಚ್ಚಿರುವ ಎಸಿಪಿ, ಅಂದರೆ ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ತುಂಬಿದ ಹಲಗೆ, ಬಾಳಿಕೆಯಲ್ಲಿ ಇವುಗಳಿಗೆಲ್ಲ ಮೇಲು. ಚಳಿಗೆ ಕುಗ್ಗಿ ಬಿಸಿಲಿಗೆ ಹಿಗ್ಗುವುದರಿಂದ ಅದಕ್ಕೆ ಕೊರೆಯುವ ತೂತು ತಿರುಪಿಗಿಂತ ತುಸು ದೊಡ್ಡದಿರಬೇಕು, ಅಷ್ಟೆ. ಕುಂಚ ಹಿಡಿಯುವ ಆಸೆಯಿದ್ದುದರಿಂದ ನಾವು ಆರಿಸಿಕೊಂಡದ್ದು ಎಂಡಿಓ ಎಂಬ ಪ್ಲೈವುಡ್. ರಾಳದಲ್ಲಿ ನೆನೆಸಿದ ಕಾಗದವನ್ನು ಇದರ ಮೈಗೆ ಬಿಸಿಯಲ್ಲಿ ಒತ್ತಿ ಅಂಟಿಸಿರುತ್ತಾರೆ. ಮರದ ನಾರು ಮೇಲೆ ಏಳದೆ ಬಣ್ಣ ಸಮನಾಗಿ ಕೂರುವುದರಿಂದ ಇಲ್ಲಿನ ಬೋರ್ಡು ಬರೆಯುವವರು ಬಹುಕಾಲದಿಂದ ಇದನ್ನೇ ನೆಚ್ಚಿದ್ದಾರೆ.

ಈ ಹಲಗೆಯ ಮುಖಕ್ಕೆ ರಕ್ಷಣೆಯಿದೆ, ಕೊಯ್ದ ಅಂಚಿಗೆ ಇಲ್ಲ. ಅಂಚಿನಲ್ಲಿ ಮರದ ನಾಳಗಳು ಬಾಯಿ ತೆರೆದುಕೊಂಡೇ ಇರುತ್ತವೆ, ಮತ್ತು ಬತ್ತಿ ಎಣ್ಣೆ ಹೀರುವಂತೆ ನೀರನ್ನು ಒಳಕ್ಕೆಳೆಯುತ್ತವೆ. ಆದ್ದರಿಂದ ನಾಲ್ಕೂ ಅಂಚುಗಳನ್ನು ಮರಳುಕಾಗದದಿಂದ ಉಜ್ಜಿ, ಚೂಪು ಮೂಲೆಯನ್ನು ದುಂಡಗೆ ಮಾಡಬೇಕು. ಚೂಪು ಏಣಿನ ಮೇಲೆ ಬಣ್ಣ ನಿಲ್ಲದೆ ತೆಳುವಾಗುತ್ತದೆ, ಬಿರುಕು ಹುಟ್ಟುವುದೂ ಅಲ್ಲಿಂದಲೇ. ಪದರಗಳ ನಡುವೆ ಸಂದು ಕಂಡರೆ ಹೊರಾಂಗಣದ ಪುಟ್ಟಿ ತುಂಬಿ, ಮೊದಲ ಕೋಟು ಪ್ರೈಮರ್ ಹೀರಿಕೊಂಡ ಮೇಲೆ ಎರಡನೆಯದು, ಅದು ಒಣಗಿದ ಮೇಲೆ ಮೂರನೆಯದು ಎಂದು, ಅಂಚು ಹೀರುವುದನ್ನು ನಿಲ್ಲಿಸುವವರೆಗೆ ಹಚ್ಚುತ್ತಲೇ ಇರಬೇಕು. ಮೇಲಿನ ಅಂಚನ್ನು ಹಿಂದಕ್ಕೆ ಇಳಿಜಾರಾಗಿ ಹೆರೆದರೆ ಹಿಮ ಅಲ್ಲಿ ಕೂತು ಕರಗುವುದಿಲ್ಲ. ತಿರುಪಿನ ತೂತಿನ ಒಳಗೋಡೆಯೂ ಅಂಚೇ. ಅದಕ್ಕೂ ಪ್ರೈಮರ್ ತಾಗಿಸಿ, ಸ್ಟೇನ್‌ಲೆಸ್ ತಿರುಪಿನ ತಲೆಯ ಕೆಳಗೆ ನೈಲಾನ್ ವಾಷರ್ ಕೊಟ್ಟೆವು. ಈ ಕೆಲಸವೆಲ್ಲ ಸೆಪ್ಟೆಂಬರಿನಲ್ಲಿಯೇ ಆಗಬೇಕು, ಏಕೆಂದರೆ ಸಾಮಾನ್ಯ ಅಕ್ರಿಲಿಕ್ ಬಣ್ಣ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸರಿಯಾಗಿ ಪೊರೆಗಟ್ಟುವುದಿಲ್ಲ. ಒಣಗಿದಂತೆ ಕಂಡರೂ ಮೊದಲ ಚಳಿಗೇ ಹಪ್ಪಳದಂತೆ ಏಳುತ್ತದೆ.

ಬಣ್ಣದ ವಿಚಾರದಲ್ಲಿ ಬೀದರಿನ ಮನೆಯವರದೇ ಮಾತು ನಡೆಯಿತು. ಕಪ್ಪು ಮೈಯ ಮೇಲೆ ಬೆಳ್ಳಿಬಿಳುಪಿನ ಅಕ್ಷರ, ಸುತ್ತ ಬಿದರಿ ಹೂಜಿಯ ಮೇಲಿರುವಂಥ ಬಳ್ಳಿಯಂಚು. ಬಿದರಿ ಕಸುಬಿನಲ್ಲಿ ಸತು, ತಾಮ್ರದ ಮಿಶ್ರಲೋಹಕ್ಕೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ದ್ರಾವಣದಲ್ಲಿ ಅದ್ದಿದಾಗ ಲೋಹ ಕಪ್ಪಾಗಿ ಬೆಳ್ಳಿ ಹಾಗೆಯೇ ಉಳಿಯುತ್ತದೆ. ನಮ್ಮದು ಮಂಕು ಕಪ್ಪಿನ ಹೊರಾಂಗಣ ಪೇಂಟು ಮಾತ್ರ, ಆದರೂ ರಾತ್ರಿಯಲ್ಲಿ ಓದುವುದಕ್ಕೆ ಈ ಜೋಡಿಯನ್ನು ಮೀರಿಸಿದ್ದಿಲ್ಲ. ಹೊಳಪು ಬಣ್ಣವನ್ನು ಬೇಡವೆಂದದ್ದು ಬೇಕೆಂದೇ: ದೀಪ ಅದರಲ್ಲಿ ಪ್ರತಿಫಲಿಸಿ ಅಕ್ಷರವನ್ನು ನುಂಗಿಬಿಡುತ್ತದೆ.

ಅಕ್ಷರದ ಅಳತೆಗೆ ಬೋರ್ಡು ಬರೆಯುವವರಲ್ಲಿ ಒಂದು ಲೆಕ್ಕವಿದೆ: ಪ್ರತಿ 10 ಅಡಿ ದೂರಕ್ಕೆ 1 ಅಂಗುಲ ಎತ್ತರ. ನಮ್ಮ ಫಲಕದಿಂದ ರಸ್ತೆಯ ನಡುವಿಗೆ ಸುಮಾರು 40 ಅಡಿ, ಹಾಗಾಗಿ ಇಂಗ್ಲಿಷ್ ಅಕ್ಷರಕ್ಕೆ 4 ಅಂಗುಲ ಸಾಕು. ಕನ್ನಡಕ್ಕೆ ಅದು ಸಾಲದು. ‘ಎಳ್ಳ’ದಲ್ಲಿ ಕೆಳಗಿಳಿಯುವ ಒತ್ತು, ‘ಅಮಾವಾಸ್ಯೆ’ಯ ಕೊನೆಯಲ್ಲಿ ಬಲಕ್ಕೆ ಸುತ್ತಿಕೊಳ್ಳುವ ಯ ಒತ್ತು, ಮ, ವಗಳ ಹೊಟ್ಟೆಯೊಳಗಿನ ಸಣ್ಣ ಗುಂಡು, ಇವೆಲ್ಲ ದೂರದಿಂದ ಬೇರೆಬೇರೆಯಾಗಿ ಕಾಣಬೇಕು. ಕಪ್ಪಿನ ಮೇಲೆ ಬೆಳಕು ಬಿದ್ದ ಬಿಳಿ ಗೆರೆ ಕಣ್ಣಿಗೆ ತನ್ನ ನಿಜವಾದ ದಪ್ಪಕ್ಕಿಂತ ದಪ್ಪವಾಗಿ ಕಾಣುವುದರಿಂದ, ಗೆರೆಯನ್ನು ಸಪೂರವಾಗಿ ಎಳೆಯದಿದ್ದರೆ ಈ ಗುಂಡುಗಳು ಮುಚ್ಚಿಹೋಗುತ್ತವೆ. ಕನ್ನಡದ ಸಾಲಿಗೆ 5 ಅಂಗುಲ ಕೊಟ್ಟು, ಒತ್ತುಗಳಿಗೆಂದು ಕೆಳಗೆ ಅದರ ಅರ್ಧದಷ್ಟು ಜಾಗ ಬಿಟ್ಟೆವು. ಬರೆದವರು ಯಾದಗಿರಿಯ ಗೆಳೆಯರು. ಅವರ ಸೋದರಮಾವ ಅಲ್ಲಿ ಕಿರಾಣಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದರಂತೆ, ಕೈಕೆಳಗೆ ಕೋಲು ಊರಿ ಕುಂಚ ನಡೆಸುವ ರೀತಿ ಅವರಿಗೆ ನೋಡಿಯೇ ಬಂದದ್ದು. ತಾರೀಖು ವರ್ಷವರ್ಷ ಬದಲಾಗುವುದರಿಂದ ಅದನ್ನು ಬೇರೆ ಪಟ್ಟಿಯ ಮೇಲೆ ಬರೆದು ಎರಡು ತಿರುಪಿನಿಂದ ಕೂರಿಸಿದ್ದೇವೆ. ಕೆಳಗಿನ ಎರಡು ಇಂಗ್ಲಿಷ್ ಸಾಲುಗಳು, ಇದು ಕರ್ನಾಟಕದ ಈಶಾನ್ಯ ಭಾಗದ ರೈತರು ಬೆಳೆ ನಿಂತ ಹೊಲದಲ್ಲಿ ಮಾಡುವ ಹಬ್ಬ ಎಂದಷ್ಟೇ ಹೇಳುತ್ತವೆ. ಅದಕ್ಕಿಂತ ಹೆಚ್ಚನ್ನು ಕಾರಿನಲ್ಲಿರುವವರು ಓದುವುದಿಲ್ಲ.

ಇನ್ನು ನಿಲ್ಲಿಸುವ ಮಾತು. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. 4 ಅಡಿ ಅಗಲ, 2 ಅಡಿ ಎತ್ತರದ ನಮ್ಮ ಹಲಗೆಯ ಮೇಲೆ ಗಂಟೆಗೆ 50 ಮೈಲಿಯ ಗಾಳಿ 50 ಪೌಂಡಿಗೂ ಮೀರಿದ ಬಲ ಹೇರುತ್ತದೆ. ಎರಡು ಕಬ್ಬಿಣದ ಸರಳುಗಳನ್ನು 2 ಅಡಿ ಆಳಕ್ಕೆ ಬಡಿದು, ಅವುಗಳ ಮೇಲೆ ಕೊಳವೆ ತೊಡಿಸಿ, ಹಲಗೆಯನ್ನು ಕೊಳವೆಗೆ ಬಿಗಿದಿದ್ದೇವೆ. ಬಡಿಯುವ ಮುನ್ನ 811ಕ್ಕೆ ಕರೆ ಮಾಡಬೇಕು. ನೆಲದೊಳಗಿನ ಗ್ಯಾಸ್, ವಿದ್ಯುತ್ ಮಾರ್ಗಗಳ ಮೇಲೆ ಬಣ್ಣದ ಗುರುತು ಹಾಕಿ ಹೋಗುತ್ತಾರೆ, ಅದಕ್ಕೆ ಹಣ ಕೊಡಬೇಕಿಲ್ಲ. ಪಾದಚಾರಿ ದಾರಿ ಮತ್ತು ರಸ್ತೆಯ ನಡುವಿನ ಹುಲ್ಲು ಸಾರ್ವಜನಿಕ ಜಾಗ, ಅಲ್ಲಿ ನೆಡುವಂತಿಲ್ಲ. ಹಲಗೆಯ ಕೆಳ ಅಂಚು ನೆಲದಿಂದ 2 ಅಡಿ ಮೇಲಿದ್ದರೆ ಹಿಮ ಬಿದ್ದರೂ ಇಂಗ್ಲಿಷ್ ಸಾಲು ಹೂತುಹೋಗುವುದಿಲ್ಲ. ಬೆಳಕಿಗೆ 12 ವೋಲ್ಟಿನ ಒಂದು ಸಣ್ಣ ದೀಪವನ್ನು ಕೆಳಗಿನಿಂದ ಓರೆಯಾಗಿ ಹಾಯಿಸಿದ್ದೇವೆ. ಪ್ಲಗ್ಗು ಜಿಎಫ್‌ಸಿಐ ಸಾಕೆಟ್ಟಿಗೆ (ವಿದ್ಯುತ್ ಸೋರಿದರೆ ತಾನೇ ಕಡಿದುಕೊಳ್ಳುವ ಸಾಕೆಟ್ಟು), ವೈರು ಸಾಕೆಟ್ಟಿನ ಕೆಳಗೆ ಒಮ್ಮೆ ಜೋತು ಮೇಲೇರುವಂತೆ. ಹಾಗೆ ಜೋತಾಗ ನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ.

ಹಬ್ಬದ ದಿನ ಸಂಜೆ ನಾಲ್ಕೂವರೆಗೇ ಕತ್ತಲಾಗುತ್ತದೆ. ಹಸಿ ತೊಗರಿಕಾಯಿ ಇಲ್ಲಿ ಸಿಕ್ಕುವುದು ಇಂಡಿಯನ್ ಅಂಗಡಿಯ ಫ್ರೀಜರಿನಲ್ಲಿ, ಅವರೆಯೂ ಅಲ್ಲಿಯೇ. ಬದನೆ, ಗಜ್ಜರಿ, ಮೆಂತ್ಯ, ಪಾಲಕ ಸೇರಿಸಿ ಕಡಲೆ ಹಿಟ್ಟು ಹಾಕಿ ಕುದಿಸಿದ ಭಜ್ಜಿಗೆ ಊರಿನ ರುಚಿ ಮುಕ್ಕಾಲು ಪಾಲು ಬರುತ್ತದೆ. ಮಕ್ಕಳು ಉಣ್ಣೆಯ ಕೈಗವಸು ತೊಟ್ಟೇ ಕೊಂಪೆಯ ಸುತ್ತ ಹಿಮದ ಮೇಲೆ ಚರಗ ಚೆಲ್ಲುತ್ತಾರೆ; ಅಳಿಲುಗಳು ಕಾದೇ ಇರುತ್ತವೆ. ಫಲಕ ಓದಿ ನಿಂತ ನೆರೆಯವರಿಗೆ ಕಾಗದದ ಬಟ್ಟಲಿನಲ್ಲಿ ಭಜ್ಜಿ, ಎಳ್ಳು ಹಚ್ಚಿದ ರೊಟ್ಟಿಯ ತುಂಡು ಹೋಗುತ್ತದೆ. ಒಬ್ಬರು ಬಂಡಿಯ ಗಾಲಿಗೆ ಎಷ್ಟು ಕಡ್ಡಿಗಳಿರಬೇಕು ಎಂದು ಕೇಳಿದ್ದಕ್ಕೆ ನಮ್ಮ ಹಿರಿಯರಲ್ಲಿಯೇ ವಾದ ಹತ್ತಿಕೊಂಡು, ಭಜ್ಜಿ ಆರುವವರೆಗೆ ನಡೆಯಿತು.

ಮಾರನೆಯ ದಿನ ಹಲಗೆ ಬಿಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ಉಪ್ಪು ತೊಳೆದು, ಅಂಚುಗಳ ಮೇಲೆ ಬೆರಳಾಡಿಸಿ ಎಲ್ಲಾದರೂ ಉಬ್ಬಿದೆಯೇ ಎಂದು ನೋಡಿ ಗ್ಯಾರೇಜಿನ ಗೋಡೆಗೆ ನೇತುಹಾಕುತ್ತೇವೆ. ಸರಳುಗಳನ್ನು ಹೆಪ್ಪುಗಟ್ಟಿದ ಮಣ್ಣು ಮಾರ್ಚ್ ತಿಂಗಳವರೆಗೆ ಬಿಡುವುದಿಲ್ಲ. ಯಾರೂ ಎಡವದಿರಲೆಂದು ಅವುಗಳ ತುದಿಗೆ ಕಿತ್ತಳೆ ಬಣ್ಣದ ಟೊಪ್ಪಿಗೆ ಹಾಕಿ ಅಲ್ಲಿಯೇ ಬಿಡುತ್ತೇವೆ.