ಬೀಗ ಹಾಕಿದ ಮನೆಗೊಂದು ಪತ್ರ

ತೀರ್ಥಹಳ್ಳಿ, ಹೊಸನಗರ ಕಡೆ ಬೀಗ ಹಾಕಿದ ಹಂಚಿನ ಮನೆಗಳು ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ. ಹಂಚು ಜಾರಿದ್ದು ಯಾರೂ ನೋಡದಿದ್ದರೆ ಮಳೆನೀರು ಇಳಿದು ಹಂಚಿನಡಿಯ ಮರದ ಪಕಾಸಿ ಕುಂಬಾಗಿ ಹಾಳಾಗುತ್ತದೆ.

ಇಂಥ ಮನೆ ಮಾರುವ ಮನಸ್ಸಿರುವ ಮಾಲೀಕರನ್ನು ಹುಡುಕೋಕೆ ನಾನು ಅಂಚೆ ಪತ್ರ ಬರೆಯುತ್ತೇನೆ. ಊರಿಗೆಲ್ಲ ಪಾಂಪ್ಲೆಟ್ ಹಂಚಿದರೆ ಸುಮ್ನೆ ದುಡ್ಡು ದಂಡ. ಮೊದಲು ಅಚ್ಚು ಹಾಕಿಸಿದ ಪತ್ರ ಕಳಿಸಿದ್ದೆ, ಒಂದಕ್ಕೂ ಉತ್ತರ ಬರಲಿಲ್ಲ. ಈಗ ಇಪ್ಪತ್ತೇ ಮನೆ ಆರಿಸುತ್ತೇನೆ, ಪಕ್ಕದ ಮನೆಯವರ ಮೂಲಕ ಮಾಲೀಕರನ್ನು ಕೇಳಿಸಿ, ಅವರು ಒಪ್ಪಿದರೆ ಮಾತ್ರ ವಿಳಾಸ ತಗೊಂಡು ಕೈಯಲ್ಲೇ ಬರೆಯುತ್ತೇನೆ: "ನಿಮ್ಮ ಮನೆಯ ಪಡುವಣ ಮೂಲೆಯ ಹಂಚು ಜಾರಿದೆ, ಬಾವಿಕಟ್ಟೆ ಇನ್ನೂ ಗಟ್ಟಿಯಿದೆ."

ಒಂದು ಪತ್ರ ಸಾಲೋದಿಲ್ಲ. ಮೂರನೇ ಪತ್ರ ಸಿಕ್ಕಮೇಲೆ ಒಬ್ಬ ಅಕ್ಕ ಫೋನ್ ಮಾಡಿದರು. ರೇಟು ಕೇಳಲಿಲ್ಲ, ಬಾವಿ ಹತ್ತಿರದ ದಾಸವಾಳ ಇದೆಯಾ ಅಂತ ಕೇಳಿದರು. ಅರ್ಧ ಗಂಟೆ ಮಾತಾಡಿದೆವು. ಇಂಥವರನ್ನು ಅವಸರ ಮಾಡಬಾರದು, ಅಲ್ವಾ?

ನೀವೂ ಹೀಗೆ ಬರೆಯೋದಾದರೆ ಇನ್ನೊಂದು ವಿಷಯ ಪತ್ರದಲ್ಲೇ ಬರೆದುಬಿಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದಮೇಲೆ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಅಣ್ಣ ಒಬ್ಬನೇ ಒಪ್ಪಿದರೆ ಆಗೋದಿಲ್ಲ. ತಂಗಿಯರ ಸಹಿ ಬೇಕು, ಖಾತೆ ಸರಿಯಿರಬೇಕು, ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ಆಸ್ತಿ ಮೇಲೆ ಸಾಲ ಇದೆಯಾ ನೋಡಬೇಕು.

ದೀಪಾವಳಿಗೆ ಎಲ್ಲರೂ ಊರಿಗೆ ಬರುತ್ತಾರೆ, ಜಗುಲಿ ಮೇಲೆ ಕೂತು ಮನೆ ವಿಷಯ ಮಾತಾಡುತ್ತಾರೆ. ಹಾಗಾಗಿ ಮುಂದಿನ ಪತ್ರಗಳು ಹಬ್ಬಕ್ಕೆ ಹದಿನೈದು ದಿನ ಮೊದಲೇ ಹೋಗುತ್ತವೆ.