ಎಸ್ಎಸ್‌ಡಿ ಹಾಕಿದ ಮೇಲೂ ಉಬುಂಟು ನಿಧಾನವಾಗಿದ್ದದ್ದು ಯಾಕೆ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಸಣ್ಣ ಮಷೀನ್ ಶಾಪ್‌ಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಶಾಪ್‌ನಲ್ಲಿ ಒಂದೇ ಡಿಸ್ಕ್ ಮೇಲೆ ವಿಂಡೋಸ್ 10 ಮತ್ತು ಉಬುಂಟು (ಲಿನಕ್ಸ್‌ನ ಒಂದು ಬಗೆ) ಎರಡೂ ಇದ್ದವು. ಡ್ರಾಯಿಂಗ್ ಕೆಲಸ ವಿಂಡೋಸ್‌ನಲ್ಲಿ. ಮಷೀನಿಗೆ ಹೋಗುವ ಜಿ-ಕೋಡ್ ಪ್ರೋಗ್ರಾಂಗಳೆಲ್ಲ ಉಬುಂಟುವಿನಲ್ಲಿ.

ಆ 500 ಜಿಬಿ ಹಾರ್ಡ್ ಡಿಸ್ಕ್ ಕಟ್ ಕಟ್ ಅಂತ ಸದ್ದು ಮಾಡತೊಡಗಿತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ ತೆಗೆದು ನೋಡಿದೆ. ಪೆಂಡಿಂಗ್ ಸೆಕ್ಟರ್, ಅಂದರೆ ಸರಿಯಾಗಿ ಓದಲು ಬಾರದ ಜಾಗ, ಸೊನ್ನೆ ಇರಬೇಕಾದಲ್ಲಿ 8 ಇತ್ತು. ತಡ ಮಾಡುವಂತಿರಲಿಲ್ಲ. ತಿರುಗುವ ಭಾಗಗಳಿಲ್ಲದ, ವೇಗದ 1 ಟಿಬಿ ಎಸ್ಎಸ್‌ಡಿ ತರಿಸಿದೆ.

ಮೊದಲು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ತೆಗೆದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಕಾಪಿ ಮಾಡಬಾರದು. ಆಮೇಲೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ, ಹಳೆಯ ಡಿಸ್ಕನ್ನು ಹೊಸದಕ್ಕೆ ಹಾಗೇ ಕಾಪಿ ಮಾಡಲು ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂ ಓಡಿಸಿದೆ. ಕೆಟ್ಟ ಸೆಕ್ಟರ್ ಇರುವ ಡಿಸ್ಕಿಗೆ ನಾನು ಬರೀ ಡಿಡಿ ಅನ್ನುವ ಕಾಪಿ ಕಮಾಂಡ್ ಬಳಸುವುದಿಲ್ಲ. ಡಿಡಿರೆಸ್ಕ್ಯೂ ಚೆನ್ನಾಗಿ ಓದಲು ಬರುವುದನ್ನು ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ತಿರುಗಿ ಬರುತ್ತದೆ. ಎಲ್ಲಿವರೆಗೆ ಬಂತು ಅಂತ ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು. ಆದರೆ ಆ ಫೈಲನ್ನು ಬೇರೆ ಪೆನ್‌ಡ್ರೈವ್‌ನಲ್ಲಿ ಇಡಬೇಕು. ಲೈವ್ ಲಿನಕ್ಸ್‌ನ ಮೆಮೊರಿಯಲ್ಲಿಟ್ಟರೆ ಕರೆಂಟ್ ಜೊತೆ ಅದೂ ಹೋಗುತ್ತದೆ.

ಕಾಪಿ ಪೂರ್ತಿಯಾಯಿತು. ಜಿಪಿಟಿ ಪದ್ಧತಿಯ ಡಿಸ್ಕ್ ತನ್ನ ಪಾರ್ಟಿಷನ್ (ಡಿಸ್ಕಿನ ಭಾಗ) ಪಟ್ಟಿಯ ಎರಡನೇ ಪ್ರತಿಯನ್ನು ಕಟ್ಟಕಡೆಗೆ ಇಟ್ಟುಕೊಳ್ಳುತ್ತದೆ. ದೊಡ್ಡ ಡಿಸ್ಕಿಗೆ ಬಂದಾಗ ಆ ಪ್ರತಿ ನಡುವೆಯೇ ಉಳಿದಿರುತ್ತದೆ. ಅದನ್ನು ಕೊನೆಗೆ ಸರಿಸಿ, ಉಬುಂಟು ಪಾರ್ಟಿಷನ್ ಹಿಗ್ಗಿಸಿದೆ. ಬೂಟ್ ಮೆನು ಬಂತು. ಎರಡೂ ತೆರೆದವು.

"ಹಳೇದು ಒಳಗ ಇರ್ಲಿ ಬಿಡ್ರಿ, ಬ್ಯಾಕಪ್ ಇದ್ದಂಗ ಆಗ್ತೈತಿ" ಅಂದರು ಮಾಲೀಕರು. ನಾನು ಹೂಂ ಅಂದೆ. ತಪ್ಪು ಮಾಡಿದ್ದು ಅಲ್ಲೇ.

ಮೂರನೇ ದಿನ ಅವರದೇ ಫೋನ್. "ವಿಂಡೋಸ್ ಭಾಳ ಜೋರ್ ಆಗೇತ್ರಿ. ಆದ್ರ ಉಬುಂಟು ಮೊದಲಿನಂಗ ನಿಧಾನ ಐತಲ್ರಿ?"

ಆ ಮಾತಿಗೆ ನನ್ನ ಎದೆ ಧಸಕ್ ಅಂದಿತು. ಹೋಗಿ, ಯಾವ ಡಿಸ್ಕ್ ಬಳಕೆಯಲ್ಲಿದೆ ಅಂತ ತೋರಿಸುವ ಲಿಸ್ಟ್ ಬ್ಲಾಕ್ (lsblk) ಕಮಾಂಡ್ ಹೊಡೆದೆ. ಉಬುಂಟು ಎರಡು ದಿನದಿಂದ ಓಡುತ್ತಿದ್ದದ್ದು ಹಳೆಯ ಡಿಸ್ಕ್ ಮೇಲೆ!

ಲಿನಕ್ಸ್ ತನ್ನ ಪಾರ್ಟಿಷನ್‌ಗಳನ್ನು ಹುಡುಕುವುದು ಯುಯುಐಡಿ ಅನ್ನುವ ಗುರುತಿನ ಸಂಖ್ಯೆಯಿಂದ. ಸೆಕ್ಟರ್ ಸೆಕ್ಟರ್ ಕ್ಲೋನ್ ಮಾಡಿದರೆ ಆ ಸಂಖ್ಯೆಯೂ ಹಾಗೇ ಬರುತ್ತದೆ. ಎರಡು ಡಿಸ್ಕಿಗೂ ಒಂದೇ ಗುರುತು. ಮೆನು ಹೊಸದರಿಂದ ಬಂದರೂ, ಒಳಗೆ ಹೋದ ಮೇಲೆ ಯಾವುದನ್ನು ಹಿಡಿಯುತ್ತದೆ ಅಂತ ಹೇಳಲು ಬರುವುದಿಲ್ಲ. ವಿಂಡೋಸ್ ಇಂಥ ಜೋಡಿ ಕಂಡರೆ ಸಾಮಾನ್ಯವಾಗಿ ಒಂದನ್ನು ಆಫ್‌ಲೈನ್ ಮಾಡುತ್ತದೆ. ಹಾಗಾಗಿ ಅಲ್ಲಿ ಏನೂ ಗೊತ್ತಾಗಲಿಲ್ಲ.

ಆಪರೇಟರ್ ಆ ಎರಡು ದಿನದಲ್ಲಿ ಹೊಸ ಪ್ರೋಗ್ರಾಂ ಬರೆದಿದ್ದ, ಹಳೆಯವುಗಳಲ್ಲಿ ಅಳತೆ ತಿದ್ದಿದ್ದ. ಎಲ್ಲವೂ ಸಾಯುತ್ತಿರುವ ಡಿಸ್ಕಿನಲ್ಲಿ. ಆ ಹುಡುಗನ ದುಡಿಮೆ ಅದು. ಅದಕ್ಕೇ ನನಗೆ ಜಾಸ್ತಿ ಸಂಕಟವಾಯಿತು.

ಮತ್ತೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. ಈ ಸಲ ಡಿಸ್ಕುಗಳನ್ನು ಹೆಸರಿನಿಂದಲ್ಲ, ಸೀರಿಯಲ್ ನಂಬರ್‌ನಿಂದ ಗುರುತಿಸಿದೆ. ಹಳೆಯದನ್ನು ಓದಲು ಮಾತ್ರ ಅಂತ ಮೌಂಟ್ ಮಾಡಿದೆ (ತೆರೆದೆ). ಫೈಲ್‌ಗಳನ್ನು ಹೋಲಿಸಿ ಕಾಪಿ ಮಾಡುವ ಆರ್‌ಸಿಂಕ್‌ಗೆ ಏನನ್ನೂ ಬರೆಯಬೇಡ, ವ್ಯತ್ಯಾಸದ ಪಟ್ಟಿ ಮಾತ್ರ ಕೊಡು ಅಂದೆ. ಪಟ್ಟಿಯನ್ನು ಆಪರೇಟರ್ ಪಕ್ಕದಲ್ಲಿ ಕೂತು ಒಂದೊಂದಾಗಿ ನೋಡಿದ. "ಹೌದ್ರಿ, ಇದು ನಿನ್ನಿದು" ಅಂದ ಮೇಲೆಯೇ ಕಾಪಿ ಮಾಡಿದೆ. ಒಂದೂ ಕಳೆಯಲಿಲ್ಲ.

ಈಗ ಕ್ಲೋನ್ ಮುಗಿದ ತಕ್ಷಣ ಕಂಪ್ಯೂಟರ್ ಆಫ್ ಮಾಡಿ ಹಳೆಯ ಡಿಸ್ಕಿನ ಕೇಬಲ್ ಕೀಳುತ್ತೇನೆ. ಅದು ಹೊರಗಿರುವಾಗಲೇ ಎರಡೂ ಸಿಸ್ಟಂ ತೆರೆದು ನೋಡುತ್ತೇನೆ. ಹಳೆಯದು ಒಳಗೇ ಬೇಕು ಅಂದರೆ, ಮೊದಲು ಅದರ ಗುರುತಿನ ಸಂಖ್ಯೆಗಳನ್ನು ಬದಲಿಸಬೇಕು. ಕೆಟ್ಟ ಸೆಕ್ಟರ್ ಇರುವ ಡಿಸ್ಕ್ ಮೇಲೆ ಸುಮ್ನೆ ಏನೂ ಬರೆಯಲು ನನಗೆ ಮನಸ್ಸಿಲ್ಲ.

ಆ ಶಾಪ್‌ನ ಹಳೆಯ ಡಿಸ್ಕ್ ಈಗ ಮಾಲೀಕರ ಕಪಾಟಿನಲ್ಲಿದೆ. ಮೇಲೆ ತಾರೀಕು ಹಾಕಿ, ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದ್ದೇನೆ: ಹೊಸದರ ಜೋಡಿ ಹಚ್ಚಬ್ಯಾಡ್ರಿ.