ಡ್ಯಾನ್ಯೂಬ್ ದಂಡೆಯ ಪನ್ನೋನಿಯಾ: ಮೊದಲು ಕಾರ್ನುಂಟಮ್, ಆಮೇಲೆ ಅಕ್ವಿಂಕಮ್

ರೋಮನ್ನರ ಪನ್ನೋನಿಯಾ ಪ್ರಾಂತ್ಯ ನೋಡಲು ಹೊರಡುವವರು ವಿಯೆನ್ನಾದಿಂದ ಶುರುಮಾಡಿ. ಅಲ್ಲಿಗೆ ಹತ್ತಿರದ ರೋಮನ್ ಊರು ಕಾರ್ನುಂಟಮ್‌ನಲ್ಲಿ ಕೆಲವು ಮನೆಗಳನ್ನೂ ಒಂದು ಸ್ನಾನಗೃಹವನ್ನೂ ಇದ್ದ ಜಾಗದಲ್ಲೇ ಮತ್ತೆ ಕಟ್ಟಿದ್ದಾರೆ. ನೆಲದಡಿ ಬಿಸಿಗಾಳಿ ಹಾಯಿಸುವ ಏರ್ಪಾಡೂ ಕೆಲಸ ಮಾಡುತ್ತದೆ. ಇದನ್ನು ಕಂಡಿದ್ದರೆ ಬುಡಾಪೆಸ್ಟ್‌ನಲ್ಲಿರುವ ರೋಮನ್ ಊರು ಅಕ್ವಿಂಕಮ್‌ನ ಮೊಂಡುಗೋಡೆ, ಗಿಡ್ಡ ಇಟ್ಟಿಗೆಗಂಬಗಳು ಏನೆಂದು ಯಾರೂ ಹೇಳಿಕೊಡಬೇಕಿಲ್ಲ.

ವೀನ್ ಮಿಟ್ಟೆ ನಿಲ್ದಾಣದಲ್ಲಿ ವೋಲ್ಫ್ಸ್‌ಟಾಲ್ ಕಡೆಯ ಎಸ್7 ರೈಲು ಹತ್ತಿ. ಪೆಟ್ರೊನೆಲ್-ಕಾರ್ನುಂಟಮ್‌ಗೆ ಸುಮಾರು ಒಂದು ಗಂಟೆ. ಕೆಲವು ಎಸ್7 ರೈಲುಗಳು ವಿಮಾನ ನಿಲ್ದಾಣದಲ್ಲೇ ನಿಂತುಬಿಡುತ್ತವೆ, ಬೋರ್ಡು ನೋಡಿ ಹತ್ತಿ. ವಿಯೆನ್ನಾದ ದಿನದ ಪಾಸು ನಗರದ ಗಡಿವರೆಗೆ ಮಾತ್ರ. ಅಲ್ಲಿಂದಾಚೆಗೆ ಬೇರೆ ಟಿಕೆಟ್ ಬೇಕು. ಚಳಿಗಾಲದಲ್ಲಿ, ಮತ್ತೆ ಕಟ್ಟಿದ ಈ ರೋಮನ್ ಬಡಾವಣೆ ಮುಚ್ಚಿರುತ್ತದೆ.

ಊರಾಚೆ ಹೊಲದ ನಡುವೆ ಹೈಡನ್‌ಟೋರ್ ಇದೆ, ಟಿಕೆಟ್ ಬೇಕಿಲ್ಲ. ಇದು ಕೋಟೆಬಾಗಿಲಲ್ಲ, 4ನೇ ಶತಮಾನದಲ್ಲಿ, ಚಕ್ರವರ್ತಿ ಎರಡನೇ ಕಾನ್‌ಸ್ಟಾಂಟಿಯಸ್ ಕಾಲದಲ್ಲಿ ಎತ್ತಿದ ವಿಜಯ ಸ್ಮಾರಕ. ನಾಲ್ಕು ಕಂಬಗಳಲ್ಲಿ ಎರಡು ಉಳಿದಿವೆ. ದಾರಿಯಲ್ಲಿ ನೆರಳೇ ಇಲ್ಲ, ಬೇಸಿಗೆಯಲ್ಲಾದರೆ ಬೆಳಿಗ್ಗೆಯೇ ಮುಗಿಸಿ, ನೀರು ಜೊತೆಗಿರಲಿ. ಚಕ್ರವರ್ತಿ ಮಾರ್ಕಸ್ ಅರೀಲಿಯಸ್ ಮಾರ್ಕೊಮಾನಿ ಎಂಬ ಜರ್ಮಾನಿಕ್ ಬುಡಕಟ್ಟಿನ ಜೊತೆಗಿನ ಯುದ್ಧದಲ್ಲಿ ಬೀಡುಬಿಟ್ಟದ್ದು ಕಾರ್ನುಂಟಮ್‌ನಲ್ಲೇ. 193ರಲ್ಲಿ ಸೆಪ್ಟಿಮಿಯಸ್ ಸೆವೆರಸ್‌ನನ್ನು ಸೈನ್ಯ ಚಕ್ರವರ್ತಿಯೆಂದು ಸಾರಿದ್ದೂ ಇಲ್ಲೇ. ಗಡಿಯ ದಂಡು ರೋಮ್‌ನ ಗದ್ದುಗೆಯನ್ನೇ ಅಲುಗಿಸುವಷ್ಟು ಬಲಿತಿತ್ತು. ಅದಕ್ಕೂ ಮುಂಚೆ ಚಕ್ರವರ್ತಿ ಟ್ರಾಜನ್ ಪ್ರಾಂತ್ಯವನ್ನು ಎರಡು ಮಾಡಿದಾಗ ಮೇಲಣ ಪನ್ನೋನಿಯಾಕ್ಕೆ ಕಾರ್ನುಂಟಮ್, ಕೆಳಗಿನದಕ್ಕೆ ಅಕ್ವಿಂಕಮ್ ರಾಜಧಾನಿಯಾದವು.

ನಡುವೆ ಬ್ರಾಟಿಸ್ಲಾವಾದ ರುಸೊವ್ಸೆಯಲ್ಲಿ ಗೆರುಲಾಟಾ ಕೋಟೆಯ ಅವಶೇಷವಿದೆ. ಚಿಕ್ಕದು, ಸಮಯ ಕಡಿಮೆಯಿದ್ದರೆ ಬಿಡಬಹುದು.

2021ರಲ್ಲಿ ಡ್ಯಾನ್ಯೂಬ್ ಉದ್ದಕ್ಕಿನ ರೋಮನ್ ಗಡಿಯ ಪಶ್ಚಿಮ ಭಾಗ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿತು. ಹಂಗೇರಿ ಕೊನೆಗಳಿಗೆಯಲ್ಲಿ ಹಿಂದೆ ಸರಿದದ್ದರಿಂದ ಆ ಪಟ್ಟಿಯನ್ನೇ ನಂಬಿ ಹೊರಟರೆ ಅಕ್ವಿಂಕಮ್ ತಪ್ಪಿಹೋಗುತ್ತದೆ.

ಬುಡಾಪೆಸ್ಟ್‌ನ ಬಾತ್ಯಾನಿ ಚೌಕದಿಂದ ಎಚ್5 ಲೋಕಲ್ ರೈಲು ಹಿಡಿದು ಅಕ್ವಿಂಕಮ್‌ನಲ್ಲಿ ಇಳಿಯಿರಿ. ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ. ಅರ್ಧ ದಿನ ಇಟ್ಟುಕೊಳ್ಳಿ. 228ನೇ ಇಸವಿಯ ನೀರಿನ ಆರ್ಗನ್ ವಾದ್ಯದ ಭಾಗಗಳನ್ನು ನೋಡದೆ ಹೊರಬರಬೇಡಿ. ಸೈನಿಕರ ಬಯಲುರಂಗ ಇಲ್ಲಿಲ್ಲ, ದಕ್ಷಿಣಕ್ಕೆ ಓಬುಡಾದ ಬೀದಿಗಳ ನಡುವೆ ಇದೆ, ಮರಳುವಾಗ ನೋಡಿ. ಆಸ್ಟ್ರಿಯಾ, ಸ್ಲೊವಾಕಿಯಾ, ಹಂಗೇರಿ ಮೂರಕ್ಕೂ ಒಂದೇ ಷೆಂಗೆನ್ ವೀಸಾ ಸಾಕು, ಆದರೆ ಹಂಗೇರಿಯಲ್ಲಿ ಯೂರೋ ಅಲ್ಲ, ಫೊರಿಂಟ್.

ಸಂಜೆಗೆ ಪೆಸ್ಟ್ ಕಡೆಯ ಮಾರ್ಚ್ 15 ಚೌಕಕ್ಕೆ ಹೋಗಿ. ಎಲಿಜಬೆತ್ ಸೇತುವೆಯ ಪಕ್ಕದಲ್ಲೇ ಕಾಂಟ್ರಾ-ಅಕ್ವಿಂಕಮ್ ಕೋಟೆಯ ತಳಪಾಯ ಕಾಣುತ್ತದೆ. ನದಿಯಾಚೆ, ಶತ್ರುವಿನ ನೆಲದಲ್ಲೇ ರೋಮನ್ನರು ಊರಿದ್ದ ಕಾವಲು ಠಾಣೆ ಅದು.